ಪೆಟ್ರಾರ್ಕ ತಾನೇ ತಿದ್ದಿದ ಕಾಗದಗಳನ್ನು ನಂಬಬಹುದೇ?

ಹಳೇಹೊತ್ತಿಗೆ:
ಗೆಳೆಯರೇ, ಈಚೆಗೆ ಇಟಲಿಯ 14ನೇ ಶತಮಾನದ ಕವಿ ಪೆಟ್ರಾರ್ಕನ ಪತ್ರಗಳನ್ನು ಇಂಗ್ಲಿಷ್ ಅನುವಾದದಲ್ಲಿ ಓದುತ್ತಿದ್ದೇನೆ. ಒಂದು ಪ್ರಶ್ನೆ ಬಿಡದೆ ಕಾಡುತ್ತಿದೆ. ಯುರೋಪಿನ ನವೋದಯ ಕಾಲವನ್ನು ಓದಿದವರು ಇಲ್ಲಿ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

1345ರಲ್ಲಿ ವೆರೋನಾದ ಕೆಥೆಡ್ರಲ್ ಗ್ರಂಥಾಲಯದಲ್ಲಿ ಪೆಟ್ರಾರ್ಕನಿಗೆ ಒಂದು ಹಸ್ತಪ್ರತಿ ಸಿಕ್ಕಿತು. ಹಳೆಯ ರೋಮಿನ ಸಿಸೆರೊ ತನ್ನ ಗೆಳೆಯ ಅಟ್ಟಿಕಸ್‌ಗೆ ಬರೆದ ಕಾಗದಗಳು. ಪೆಟ್ರಾರ್ಕ ತಾನೇ ಕೂತು ಅದನ್ನು ನಕಲು ಮಾಡಿಕೊಂಡ. ಅಲ್ಲಿಯವರೆಗೆ ಅವನ ಮನಸ್ಸಿನಲ್ಲಿದ್ದ ಸಿಸೆರೊ ದೊಡ್ಡ ವಾಗ್ಮಿ, ತತ್ವಜ್ಞಾನಿ. ಈ ಕಾಗದಗಳಲ್ಲಿ ಕಂಡವನು ಹೆದರುವ, ಕೊರಗುವ, ಮುಪ್ಪಿನಲ್ಲೂ ರಾಜಕೀಯ ಬಿಡಲಾಗದ ಮನುಷ್ಯ. ಪೆಟ್ರಾರ್ಕನಿಗೆ ನೋವಾಯಿತು. ಅವನು ಸಿಸೆರೊಗೇ ಒಂದು ಕಾಗದ ಬರೆದ! ಸಿಸೆರೊ ಸತ್ತದ್ದು ಕ್ರಿಸ್ತಪೂರ್ವ 43ರಲ್ಲಿ. ಕಾಗದದ ಕೊನೆಯಲ್ಲಿ ಊರು ವೆರೋನಾ, ದಿನ ಜೂನ್ 16. ಇಸವಿ ಬರೆಯುವಾಗ, ನೀನು ಅರಿಯದೆ ಹೋದ ದೇವರು ಹುಟ್ಟಿ 1345ನೇ ವರ್ಷ ಎಂದು ಸೇರಿಸುತ್ತಾನೆ. ಇದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಆಮೇಲೆ ಪೆಟ್ರಾರ್ಕ ತನ್ನ ಕಾಗದಗಳನ್ನೂ ಕೂಡಿಸತೊಡಗಿದ. 24 ಭಾಗ, 350 ಕಾಗದ. ಎಷ್ಟೋ ಹಳೆಯ ಕಾಗದಗಳನ್ನು ಸುಟ್ಟುಹಾಕಿದೆ ಎಂದು ಮುನ್ನುಡಿಯಲ್ಲಿ ತಾನೇ ಹೇಳುತ್ತಾನೆ. ಉಳಿಸಿಕೊಂಡವನ್ನು ತಿದ್ದಿದ. ಕೆಲವನ್ನು ಹೊಸದಾಗಿಯೇ ಬರೆದ.

ಇಷ್ಟು ತಿದ್ದಿದ ಮೇಲೆ ಅದು ಗೆಳೆಯನಿಗೆ ಬರೆದ ಕಾಗದವೇ, ನಮಗಾಗಿ ಬರೆದ ಪುಸ್ತಕವೇ? ನೀವು ಹೇಗೆ ಓದುತ್ತೀರಿ?

ಸೀದಾಮಾತು:
ನನ್ನ ಉತ್ತರ ಚಿಕ್ಕದು. ಪುಸ್ತಕ. ಪೆಟ್ರಾರ್ಕ ಫ್ರಾನ್ಸಿನ ವೆಂಟೂ ಬೆಟ್ಟ ಹತ್ತಿದ್ದರ ಬಗ್ಗೆ ಬರೆದ ಕಾಗದವನ್ನೇ ನೋಡಿ. ಎಲ್ಲರೂ ಹೊಗಳುವ ಕಾಗದ ಅದು. ತಾರೀಖು 1336ರ ಏಪ್ರಿಲ್ 26, ಬರೆದದ್ದು ದಿಯೊನೀಜಿ ಎಂಬ ಪಾದ್ರಿಗೆ. ಆದರೆ ಈಗಿರುವ ರೂಪದಲ್ಲಿ ಅದನ್ನು ಬರೆದದ್ದು 1353ರ ಸುಮಾರಿಗೆ ಎಂದು ಅನೇಕ ವಿದ್ವಾಂಸರು ತೋರಿಸಿದ್ದಾರೆ. ದಿಯೊನೀಜಿ ಸತ್ತದ್ದು 1342ರಲ್ಲಿ. ಬೆಟ್ಟ ಇಳಿದು ಬಂದ ಸಂಜೆಯೇ, ಊಟ ಸಿದ್ಧವಾಗುವುದರೊಳಗೆ ಅವಸರದಲ್ಲಿ ಬರೆದೆ ಅಂತ ಹೇಳುವ ಕಾಗದ ಇದು! ಅದನ್ನು ಓದುವಾಗ ನನಗೆ ಮೋಸ ಹೋದ ಹಾಗೆ ಅನ್ನಿಸುತ್ತದೆ.

ಟಪಾಲುಪೇಟೆ:
ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ, ದಯವಿಟ್ಟು ತಾಳ್ಮೆಯಿಂದ ಓದಿ.

ಕಾಗದ ಅಂದರೆ ಇಬ್ಬರ ನಡುವಿನ ಗುಟ್ಟು ಎನ್ನುವುದು ನಮ್ಮ ಕಾಲದ ಲೆಕ್ಕ. ಆ ಕಾಲದಲ್ಲಿ ಹಾಗಿರಲಿಲ್ಲ. ಪೆಟ್ರಾರ್ಕನಿಗಿಂತ ಮುಂಚೆ ಇಟಲಿಯಲ್ಲಿ ಪತ್ರ ಬರೆಯುವುದು ಕಚೇರಿಯ ವಿದ್ಯೆ. ಬೊಲೊನ್ಯಾದಂಥ ಕಡೆ ಅದನ್ನು ಪಾಠವಾಗಿ ಕಲಿಸುತ್ತಿದ್ದರು. ಒಂದು ಪತ್ರಕ್ಕೆ ಐದು ಅಂಗ. ಮೊದಲು ವಂದನೆ. ಆಮೇಲೆ ಓದುವವನ ಮನಸ್ಸು ಒಲಿಸುವ ಮಾತು. ಆಮೇಲೆ ವಿಷಯ, ಬೇಡಿಕೆ, ಮುಕ್ತಾಯ. ಪೋಪನಿಗೆ ಹೇಗೆ ವಂದಿಸಬೇಕು, ಸಮಾನನಿಗೆ ಹೇಗೆ, ಕೆಳಗಿನವನಿಗೆ ಹೇಗೆ, ಎಲ್ಲಕ್ಕೂ ಕಟ್ಟುನಿಟ್ಟು. ಬರೆದವನು ಎಂಥ ಮನುಷ್ಯ ಎನ್ನುವುದು ಅದರಲ್ಲಿ ಕಾಣುವ ಸಾಧ್ಯತೆಯೇ ಕಡಿಮೆ. ಪೆಟ್ರಾರ್ಕ ಸಿಸೆರೊನ ಕಾಗದ ಕಂಡು ಯಾಕೆ ಅಷ್ಟು ಬೆರಗಾದ ಎನ್ನುವುದು ಇಲ್ಲಿಂದ ನೋಡಿದರೆ ತಿಳಿಯುತ್ತದೆ. ಗೆಳೆಯನ ಹತ್ತಿರ ಮಾತಾಡಿದ ಹಾಗೆ ಬರೆಯಬಹುದು, ಅದೂ ಒಳ್ಳೆಯ ಲ್ಯಾಟಿನ್‌ನಲ್ಲಿ ಬರೆಯಬಹುದು ಎನ್ನುವುದೇ ದೊಡ್ಡ ಸುದ್ದಿಯಾಗಿತ್ತು.

ಇನ್ನು ಗುಟ್ಟಿನ ಮಾತು. ಸಾಮಾನ್ಯ ಜನರಿಗೆ ಸರ್ಕಾರಿ ಅಂಚೆ ಇರಲಿಲ್ಲ. ವ್ಯಾಪಾರಿಯೋ, ವಿದ್ಯಾರ್ಥಿಯೋ, ಪಾದ್ರಿಯೋ ಆ ಕಡೆ ಹೊರಟಿದ್ದರೆ ಅವನ ಕೈಯಲ್ಲಿ ಕೊಡಬೇಕು. ಲಕೋಟೆ ಇಲ್ಲ. ಹಾಳೆಯನ್ನೇ ಮಡಚಿ, ಅರಗಿನ ಮುದ್ರೆ ಒತ್ತಿ, ಮೇಲೆ ಹೆಸರು ಬರೆಯುತ್ತಿದ್ದರು. ತಲುಪಿದ ಮೇಲೆ ಹತ್ತಿರದವರೆಲ್ಲ ಸೇರಿ ಗಟ್ಟಿಯಾಗಿ ಓದುತ್ತಿದ್ದರು. ಚೆನ್ನಾಗಿದ್ದರೆ ನಕಲು ಮಾಡಿ ಮುಂದಿನ ಊರಿಗೆ ಕಳಿಸುತ್ತಿದ್ದರು. ಬರೆಯುವವನಿಗೂ ಇದು ಗೊತ್ತು. ಪೆಟ್ರಾರ್ಕನ ಕಾಗದಗಳನ್ನು ಸಾಗಿಸುವವರ ಕೈಯಿಂದಲೇ ಕಸಿದು ಓದುವವರಿದ್ದರು. ಅದು ಅವನಿಗೆ ದೊಡ್ಡ ತಲೆನೋವಾಗಿತ್ತು.

ಹಾಗಾಗಿ 'ನಮಗಾಗಿ ಬರೆದದ್ದು' ಮತ್ತು 'ಗೆಳೆಯನಿಗೆ ಬರೆದದ್ದು' ಎಂದು ಎರಡು ಪೆಟ್ಟಿಗೆ ಮಾಡಿ ಹಾಕಿದರೆ ಆ ಜನ ನಮಗೆ ಅರ್ಥವಾಗುವುದಿಲ್ಲ.

ಬೆಣ್ಣೆನಗರಿ:
ಟಪಾಲುಪೇಟೆಯವರೇ, ಒಂದು ಸಣ್ಣ ಸೇರ್ಪಡೆ. ಆ ಕಚೇರಿ ವಿದ್ಯೆ ಸತ್ತುಹೋಗಲಿಲ್ಲ, ಹೊಸಬರ ಕೈಗೆ ಬಂದು ಹರಿತವಾಯಿತು. ಕೊಲುಚ್ಚೊ ಸಲುತಾತಿ 1375ರಿಂದ 1406ರವರೆಗೆ ಫ್ಲಾರೆನ್ಸಿನ ಚಾನ್ಸಲರ್. ಊರಿನ ಪರವಾಗಿ ಅರಸರಿಗೆ, ಪೋಪನಿಗೆ ಪತ್ರ ಬರೆಯುವುದೇ ಅವನ ಕೆಲಸ. ಫ್ಲಾರೆನ್ಸಿನ ವೈರಿ, ಮಿಲಾನಿನ ದೊರೆ ಜಾನ್ ಗಲಿಯಾತ್ಸೊ ವಿಸ್ಕೊಂತಿ, ಸಲುತಾತಿಯ ಒಂದು ಪತ್ರ ಸಾವಿರ ಕುದುರೆ ಸವಾರರಿಗಿಂತ ಹೆಚ್ಚು ಹಾನಿ ಮಾಡುತ್ತದೆ ಎಂದ ಅಂತ ಒಂದು ಮಾತು ಅಂದಿನಿಂದಲೂ ಬಂದಿದೆ. ಸಿಸೆರೊನ ಕಾಗದಗಳ ಇನ್ನೊಂದು ದೊಡ್ಡ ಸಂಗ್ರಹ 1392ರಲ್ಲಿ ಇದೇ ಸಲುತಾತಿಗೆ ಸಿಕ್ಕಿತು, ಅದೂ ಮಿಲಾನಿನ ಕಡೆಯಿಂದ! ಎರಡು ಊರು ಕಾದಾಡುತ್ತಿದ್ದರೂ ಆ ಊರುಗಳ ವಿದ್ವಾಂಸರು ಪುಸ್ತಕ ಕೊಟ್ಟು ತೆಗೆದುಕೊಂಡು ಮಾಡುತ್ತಿದ್ದರು. ನನಗೆ ಈ ಸಂಗತಿ ತುಂಬಾ ಇಷ್ಟ.

ತುಂಗಾತೀರ:
ಪೆಟ್ರಾರ್ಕ ಒಬ್ಬನನ್ನೇ ಇಟ್ಟುಕೊಂಡು ಮಾತಾಡಿದರೆ ಸಾಲದು. ಪೊಜ್ಜೊ ಬ್ರಾಚೊಲೀನಿಯನ್ನು ಓದಿ. ಕಾಗದದ ಶಕ್ತಿ ಏನು ಅಂತ ನನಗೆ ತಿಳಿದದ್ದು ಅವನಿಂದ.

ಪೊಜ್ಜೊ ಪೋಪನ ಕಚೇರಿಯಲ್ಲಿ ಕಾರ್ಯದರ್ಶಿ. 1414ರಲ್ಲಿ ಕಾನ್‌ಸ್ಟನ್ಸ್ ಎಂಬ ಊರಿನಲ್ಲಿ ದೊಡ್ಡ ಧರ್ಮಸಭೆ ಶುರುವಾಯಿತು. ಮರುವರ್ಷವೇ ಆ ಸಭೆ ಅವನ ಧಣಿ ಪೋಪನನ್ನು ಕೆಳಗಿಳಿಸಿತು. ಪೊಜ್ಜೊಗೆ ಕೆಲಸ ಇಲ್ಲ, ಕೈತುಂಬ ಸಮಯ. ಗೆಳೆಯರ ಜೊತೆ ಹತ್ತಿರದ ಮಠಗಳಲ್ಲಿ ಹಳೆಯ ಪುಸ್ತಕ ಹುಡುಕಲು ಹೊರಟ. 1416ರಲ್ಲಿ ಸಂತ ಗಾಲನ ಮಠದಲ್ಲಿ ಕ್ವಿಂಟಿಲಿಯನ್ ಸಿಕ್ಕಿದ. ಭಾಷಣಕಲೆಯ ಶಿಕ್ಷಣದ ಬಗ್ಗೆ ರೋಮನರು ಬರೆದ ದೊಡ್ಡ ಗ್ರಂಥ ಅದು. ಇಟಲಿಯವರ ಹತ್ತಿರ ಇದ್ದದ್ದು ಅರೆಬರೆ ಪ್ರತಿಗಳು, ಇಲ್ಲಿ ಪೂರ್ತಿ ಇತ್ತು.

ಪೊಜ್ಜೊ ಅದನ್ನು ವೆರೋನಾದ ವಿದ್ವಾಂಸ ಗ್ವಾರಿನೊಗೆ ಕಾಗದದಲ್ಲಿ ಹೇಳುವ ರೀತಿ ನೋಡಬೇಕು. ಪುಸ್ತಕ ಸಿಕ್ಕಿತು ಎಂದು ಸುಮ್ನೆ ಬರೆಯುವುದಿಲ್ಲ. ಕ್ವಿಂಟಿಲಿಯನ್ ಜೈಲಿನಲ್ಲಿದ್ದ ಎನ್ನುತ್ತಾನೆ. ಗೋಪುರದ ತಳದ ಕತ್ತಲ ಕೋಣೆ. ಮರಣದಂಡನೆ ಆದವರನ್ನೂ ಅಂಥ ಕಡೆ ಇಡುವುದಿಲ್ಲ. ಗಡ್ಡ ಕೆದರಿದೆ, ಕೂದಲು ಧೂಳು ಹಿಡಿದಿದೆ, ಕೈ ಚಾಚಿ ರೋಮನರ ಸಹಾಯ ಬೇಡುತ್ತಿದ್ದಾನೆ. ಸಾವಿರ ವರ್ಷಕ್ಕೂ ಹಿಂದೆ ಸತ್ತ ಮೇಷ್ಟರನ್ನು ಪೊಜ್ಜೊ ಸೆರೆಯಿಂದ ಬಿಡಿಸಿಕೊಂಡು ಬರುತ್ತಿದ್ದಾನೆ! ಈ ಕಾಗದ ಗ್ವಾರಿನೊ ಒಬ್ಬನಿಗೇ ಅಂತ ಯಾರಾದರೂ ಅಂದುಕೊಳ್ಳಲು ಸಾಧ್ಯವೇ? ಇಟಲಿಯ ಓದುಗರೆಲ್ಲ ಕಾಯುತ್ತಿದ್ದ ಸುದ್ದಿ ಅದು. 1417ರಲ್ಲಿ ವೆನಿಸಿನ ಫ್ರಾಂಚೆಸ್ಕೊ ಬಾರ್ಬರೊ ಪೊಜ್ಜೊನನ್ನು ಅಭಿನಂದಿಸಿ ಬರೆದ. ಊರು, ದೇಶ ಮೀರಿ ವಿದ್ವಾಂಸರೆಲ್ಲ ಸೇರಿದ 'ಅಕ್ಷರ ಗಣರಾಜ್ಯ' ಎಂಬ ಮಾತು ನಮಗೆ ಮೊದಲು ಕಾಣುವುದು ಆ ಕಾಗದದಲ್ಲೇ.

ಅದೇ 1416ರ ಮೇ 30. ಪ್ರಾಗಿನ ಜೆರೋಮ್ ಎಂಬ ವಿದ್ವಾಂಸನನ್ನು ಧರ್ಮವಿರೋಧಿ ಎಂದು ಕಾನ್‌ಸ್ಟನ್ಸಿನಲ್ಲಿ ಜೀವಂತ ಸುಟ್ಟರು. ಪೊಜ್ಜೊ ಕಣ್ಣಾರೆ ನೋಡಿ ತನ್ನ ಗೆಳೆಯ, ವಿದ್ವಾಂಸ ಲಿಯೊನಾರ್ಡೊ ಬ್ರೂನಿಗೆ ಬರೆದ. ಸುಡುವವನು ಬೆನ್ನ ಹಿಂದಿನಿಂದ ಬೆಂಕಿ ಹಚ್ಚಲು ಹೋದಾಗ ಜೆರೋಮ್, ಎದುರಿಗೇ ಬಂದು ಹಚ್ಚು, ಹೆದರಿದ್ದರೆ ನಾನು ಇಲ್ಲಿಗೆ ಬರುತ್ತಲೇ ಇರಲಿಲ್ಲ ಎಂದನಂತೆ. ಪೊಜ್ಜೊ ಅವನನ್ನು ಸಾಕ್ರಟಿಸನಿಗೆ ಹೋಲಿಸುತ್ತಾನೆ. ಯೋಚಿಸಿ, ಚರ್ಚಿನ ನೌಕರ ಬರೆದ ಮಾತು ಇದು! ಬ್ರೂನಿ ತಿರುಗಿ ಬರೆದು, ಇಂಥ ವಿಷಯವನ್ನು ಸ್ವಲ್ಪ ಎಚ್ಚರದಿಂದ ಬರಿ ಎಂದು ಬುದ್ಧಿ ಹೇಳಿದ.

ಸೀದಾಮಾತು ಅವರೇ, ಪೊಜ್ಜೊ ಕೂಡ ತನ್ನ ಕಾಗದಗಳನ್ನು ಕೂಡಿಸಿ ಸಂಗ್ರಹ ಮಾಡಿದವನೇ. ಅಲಂಕಾರ ಇದೆ, ನಿಜ. ಆದರೆ ಆ ಕಾಗದವನ್ನು ಸುಳ್ಳು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಸೀದಾಮಾತು:
ತುಂಗಾತೀರ ಅವರೇ, ಜೆರೋಮನ ಕಾಗದದ ಬಗ್ಗೆ ನನ್ನ ತಕರಾರಿಲ್ಲ. ಅಲ್ಲಿ ಬ್ರೂನಿ ಬದುಕಿದ್ದ, ಓದಿದ, ಉತ್ತರ ಕೊಟ್ಟ. ನಾನು ಹೇಳುವುದೇ ಅದು. ಆ ಕಡೆ ಒಬ್ಬ ಮನುಷ್ಯ ಇರಬೇಕು. ವೆಂಟೂ ಕಾಗದದ ಆ ಕಡೆ ಯಾರಿದ್ದಾರೆ?

ಹಳೇಹೊತ್ತಿಗೆ:
ಆ ಕಡೆ ನಾವಿದ್ದೇವೆ. ಇದನ್ನು ನಾನು ಅಂದಾಜಿನಲ್ಲಿ ಹೇಳುತ್ತಿಲ್ಲ, ಪೆಟ್ರಾರ್ಕನೇ ಬಿಡಿಸಿ ಹೇಳಿದ್ದಾನೆ. ಹಳೆಯ ರೋಮ್, ಗ್ರೀಸಿನ ಬರಹಗಾರರಾದ ಸಿಸೆರೊ, ಸೆನೆಕ, ಲಿವಿ, ವರ್ಜಿಲ್, ಹೋಮರ್, ಎಲ್ಲರಿಗೂ ಬರೆದ ಕಾಗದಗಳು 24ನೇ ಭಾಗದಲ್ಲಿವೆ. ಅದೇ ರೀತಿ ಮುಂದೆ ಹುಟ್ಟುವವರಿಗೂ ಒಂದು ಕಾಗದ ಬರೆದಿದ್ದಾನೆ. ನಾನು ಹೇಗಿದ್ದೆ ಎಂದು ತಿಳಿಯಬೇಕೆನಿಸಿದರೆ ಇದನ್ನು ಓದಿ ಎಂದು ಶುರುಮಾಡಿ ತನ್ನ ಮೈಬಣ್ಣ, ಕಣ್ಣು, ವಯಸ್ಸಾದ ಮೇಲೆ ಬಂದ ದೃಷ್ಟಿದೋಷ, ಎಲ್ಲ ಹೇಳುತ್ತಾನೆ. ಅದನ್ನು ಮುಗಿಸಲೂ ಇಲ್ಲ. ಹಿಂದಿನವರ ಜೊತೆ, ಮುಂದಿನವರ ಜೊತೆ ಒಂದೇ ದನಿಯಲ್ಲಿ ಮಾತಾಡಬಹುದು ಎಂದು ನಂಬಿದವನಿಗೆ ತೀರಿಹೋದ ದಿಯೊನೀಜಿಯ ಜೊತೆ ಮಾತು ಮುಂದುವರಿಸುವುದು ಮೋಸವಾಗಿ ಕಂಡಿರಲಾರದು. ಈ ದಿಯೊನೀಜಿ ಬರೀ ಹೆಸರಲ್ಲ, ಪೆಟ್ರಾರ್ಕನಿಗೆ ಸಂತ ಅಗಸ್ಟೀನನ ಪುಸ್ತಕದ ಪುಟ್ಟ ಪ್ರತಿ ಕೊಟ್ಟವನು. ಬೆಟ್ಟದ ತುದಿಯಲ್ಲಿ ಪೆಟ್ರಾರ್ಕ ಬಿಚ್ಚಿ ಓದುವುದು ಅದನ್ನೇ.

ಅಕ್ಷರಮಾಲೆ:
ಇಷ್ಟು ಹೊತ್ತು ಗಂಡಸರ ಕಾಗದಗಳ ಬಗ್ಗೆಯೇ ಮಾತಾಯಿತು. ದಯವಿಟ್ಟು ಇದನ್ನೂ ಕೇಳಿ. ಕಾಗದ ಎಲ್ಲರ ಕಣ್ಣಿಗೂ ಬೀಳುತ್ತಿತ್ತು ಎನ್ನುವುದು ಗಂಡಸರಿಗೆ ಕೀರ್ತಿಯ ದಾರಿ. ಹೆಂಗಸರಿಗೆ ಅದು ಬೆಂಕಿಯ ಮೇಲಿನ ನಡಿಗೆ.

ಇಸೊತ್ತಾ ನೊಗರೋಲಾ ವೆರೋನಾದವಳು, ಹುಟ್ಟಿದ್ದು 1418ರಲ್ಲಿ. ಲ್ಯಾಟಿನ್ ಚೆನ್ನಾಗಿ ಕಲಿತಿದ್ದಳು. ಹದಿಹರೆಯದಲ್ಲೇ ಗ್ವಾರಿನೊಗೆ ಕಾಗದ ಬರೆದಳು. ಹೌದು, ಪೊಜ್ಜೊ ಮೇಲಿನ ಸುದ್ದಿ ಬರೆದದ್ದು ಯಾರಿಗೋ ಅದೇ ಗ್ವಾರಿನೊ. ಆ ಕಾಲದ ದೊಡ್ಡ ಮೇಷ್ಟರು. ಅವನು ಉತ್ತರ ಬರೆಯಲಿಲ್ಲ. ಅವಳು ಬರೆದದ್ದು ಊರಿಗೆಲ್ಲ ಗೊತ್ತಿತ್ತು. ಉತ್ತರ ಬರದೇ ಇದ್ದದ್ದೂ ಗೊತ್ತಾಯಿತು. ಊರೇ ನಗತೊಡಗಿತು, ಹೆಂಗಸರೂ ಸೇರಿ. ಅವಳು ಎರಡನೇ ಕಾಗದ ಬರೆದಳು. ಹೆಣ್ಣಾಗಿ ಯಾಕೆ ಹುಟ್ಟಿದೆ, ಗಂಡಸರು ಮಾತಿನಲ್ಲೂ ನಡತೆಯಲ್ಲೂ ತುಚ್ಛ ಮಾಡುತ್ತಾರಲ್ಲ ಎಂದು ಕೇಳಿದಳು. ನಿನ್ನಿಂದಲೇ ನನಗೆ ಈ ಅವಮಾನ ಆಯಿತು ಎಂದು ಅಷ್ಟು ದೊಡ್ಡ ಮನುಷ್ಯನಿಗೆ ನೇರವಾಗಿ ಹೇಳಿದಳು. ಆಗ ಅವನು ಉತ್ತರಿಸಿದ. ಹೊಗಳಿದ, ಧೈರ್ಯ ತಂದುಕೋ ಎಂದ. ಆದರೆ ಹೆಣ್ಣಿನೊಳಗೆ ಗಂಡಸನ್ನು ಎಬ್ಬಿಸಿಕೋ ಎನ್ನುವುದು ಅವನ ಬುದ್ಧಿವಾದ!

1438ರಲ್ಲಿ ಯಾರೋ ಹೆಸರು ಮರೆಸಿಕೊಂಡು ಅವಳ ಶೀಲದ ಮೇಲೆ ಅಸಹ್ಯವಾದ ಆರೋಪ ಬರೆದು ಹರಡಿದರು. ಓದಿದ ಹೆಣ್ಣಿನ ಬಾಯಿ ಮುಚ್ಚಿಸಲು ಅಂದೂ ಅದೇ ದಾರಿ. ಮುಂದೆ ಅವಳು ಮದುವೆಯಾಗದೆ, ಮಠಕ್ಕೂ ಸೇರದೆ, ಮನೆಯಲ್ಲೇ ಓದುತ್ತಾ ಉಳಿದಳು. 1451ರಲ್ಲಿ ವೆನಿಸಿನ ಅಧಿಕಾರಿ ಲುಡೊವಿಕೊ ಫೊಸ್ಕರೀನಿಯ ಜೊತೆ ಆದಾಮ ಮತ್ತು ಈವರಲ್ಲಿ ಯಾರ ಪಾಪ ದೊಡ್ಡದು ಎಂದು ವಾದ ಮಾಡಿ ಈವಳ ಪರ ನಿಂತಳು. ಅದೂ ಇಬ್ಬರ ಕಾಗದಗಳಿಂದಲೇ ಬೆಳೆದದ್ದು.

ಇನ್ನೊಬ್ಬಳು ಬ್ರೆಷಾದ ಲೌರಾ ಚೆರೇತಾ. 15ಕ್ಕೆ ಮದುವೆ. ಎರಡು ವರ್ಷವೂ ತುಂಬದೆ ಗಂಡ ಪ್ಲೇಗಿನಿಂದ ಸತ್ತ. ಮನೆಗೆಲಸ ಎಲ್ಲ ಮುಗಿದ ಮೇಲೆ ರಾತ್ರಿ ಕೂತು ಓದಿ ಬರೆಯುತ್ತಿದ್ದಳು. 1488ರಲ್ಲಿ ತನ್ನ ಕಾಗದಗಳನ್ನು ಪೆಟ್ರಾರ್ಕನ ಹಾಗೇ ಸಂಗ್ರಹ ಮಾಡಿದಳು. ಆಗ ಅವಳಿಗೆ ಇಪ್ಪತ್ತೂ ಆಗಿರಲಿಲ್ಲ. ಅದರಲ್ಲಿ ಬಿಬುಲಸ್ ಎಂಬವನಿಗೆ ಬರೆದ ಒಂದು ಕಾಗದ ಇದೆ. ಹೆಣ್ಣಾಗಿ ಇಷ್ಟು ತಿಳಿದಿದ್ದೀಯ ಎಂದು ಅವನು ಬೆರಗಿನಿಂದ ಹೊಗಳಿರುತ್ತಾನೆ. ಅವಳು ಸಿಟ್ಟಾಗುತ್ತಾಳೆ. ನನ್ನೊಬ್ಬಳನ್ನು ಅಪರೂಪ ಎಂದು ಹೊಗಳಿದರೆ ಉಳಿದ ಹೆಂಗಸರನ್ನೆಲ್ಲ ಬೈದ ಹಾಗೆ, ಆ ಹೊಗಳಿಕೆ ನನಗೆ ಬೇಡ ಎಂದು ಹಿಂದಿನ ಕಾಲದಿಂದ ಬಂದ ಪಂಡಿತೆಯರ ಹೆಸರನ್ನು ಒಂದೊಂದಾಗಿ ಹೇಳುತ್ತಾಳೆ. ಈ ಬಿಬುಲಸ್ ನಿಜವಾಗಿ ಇದ್ದನೇ ಎಂದು ವಿದ್ವಾಂಸರಿಗೆ ಅನುಮಾನ. ಸೀದಾಮಾತು ಅವರೇ, ನಿಮ್ಮ ಲೆಕ್ಕದಲ್ಲಿ ಇದೂ ಕಾಗದವಲ್ಲ. ಆದರೆ ಅಂಥ ಗಂಡಸರು ಅವಳ ಸುತ್ತ ಎಷ್ಟು ಜನ ಇದ್ದಿರಬೇಕು! ಅವರೆಲ್ಲರಿಗೂ ಸೇರಿಸಿ ಒಂದೇ ಉತ್ತರ ಬರೆಯಲು ಅವಳಿಗೆ ಒಂದು ಹೆಸರು ಬೇಕಿತ್ತು ಅಷ್ಟೇ. ಅವಳ ಕಾಗದಗಳು ಅಚ್ಚಾದದ್ದು 1640ರಲ್ಲಿ. ಅವಳು 1499ರಲ್ಲೇ ತೀರಿಹೋಗಿದ್ದಳು.

ಬೆಣ್ಣೆನಗರಿ:
ಅಕ್ಷರಮಾಲೆ ಮೇಡಂ, ಚೆರೇತಾ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಬರೆದದ್ದಕ್ಕೆ ತುಂಬಾ ಧನ್ಯವಾದ.

ಟಪಾಲುಪೇಟೆ:
ಅಚ್ಚಿನ ಮಾತು ಬಂತಲ್ಲ, ನೆದರ್ಲೆಂಡ್ಸಿನ ವಿದ್ವಾಂಸ ಎರಾಸ್ಮಸ್ ಬಗ್ಗೆ ಹೇಳಲೇಬೇಕು. ಅವನು ಬರೆದ ಮತ್ತು ಅವನಿಗೆ ಬಂದ ಕಾಗದಗಳು ಸೇರಿ ಮೂರು ಸಾವಿರಕ್ಕೂ ಜಾಸ್ತಿ ಉಳಿದಿವೆ. ಪತ್ರ ಬರೆಯುವುದು ಹೇಗೆ ಎಂದು ಪ್ಯಾರಿಸಿನಲ್ಲಿ ಪಾಠ ಹೇಳುತ್ತಿದ್ದಾಗ ಒಂದು ಟಿಪ್ಪಣಿ ಮಾಡಿದ್ದ. ಅದು ಕೈಯಿಂದ ಕೈಗೆ ಹೋಗಿ 1521ರಲ್ಲಿ ಕೇಂಬ್ರಿಜ್‌ನಲ್ಲಿ ಅವನ ಒಪ್ಪಿಗೆ ಇಲ್ಲದೆ ಅಚ್ಚಾಯಿತು. ಅವನು 1522ರಲ್ಲಿ ಬಾಸೆಲ್‌ನಲ್ಲಿ ತನ್ನದೇ ಪೂರ್ತಿ ಪುಸ್ತಕ ತಂದ. ಅದರ ತಿರುಳು ಇಷ್ಟು. ಕಾಗದಕ್ಕೆ ಒಂದೇ ಅಚ್ಚು ಇಲ್ಲ. ಯಾರಿಗೆ, ಯಾವ ಹೊತ್ತಿನಲ್ಲಿ, ಯಾವ ವಿಷಯಕ್ಕೆ ಎಂದು ನೋಡಿ ಅದು ಮೈ ಬದಲಿಸಬೇಕು. ಐದು ಅಂಗದ ಹಳೆಯ ಕಟ್ಟನ್ನು ಅವನು ಇಲ್ಲಿ ಸಡಿಲ ಮಾಡುತ್ತಾನೆ. ಅದಕ್ಕೂ ಮುಂಚೆ, 1512ರ ಒಂದು ಪುಸ್ತಕದಲ್ಲಿ 'ನಿನ್ನ ಕಾಗದ ನನಗೆ ಬಹಳ ಸಂತೋಷ ಕೊಟ್ಟಿತು' ಎಂಬ ಒಂದೇ ಮಾತನ್ನು ನೂರಕ್ಕೂ ಹೆಚ್ಚು ರೀತಿಯಲ್ಲಿ ಬರೆದು ತೋರಿಸಿದ್ದ. ಶಾಲೆಯ ಹುಡುಗರ ಅಭ್ಯಾಸಕ್ಕೆ.

ಆದರೆ ಅಚ್ಚಿನ ಯಂತ್ರ ಬಂದ ಮೇಲೆ ಅಪಾಯವೂ ಹೆಚ್ಚಿತು. 1519ರ ಮಾರ್ಚಿನಲ್ಲಿ ಚರ್ಚಿನ ವಿರುದ್ಧ ದನಿಯೆತ್ತಿದ್ದ ಮಾರ್ಟಿನ್ ಲೂಥರ್ ಎರಾಸ್ಮಸ್‌ಗೆ ಬರೆದ. ಮೇ 30ಕ್ಕೆ ಎರಾಸ್ಮಸ್ ಎಚ್ಚರಿಕೆಯ, ಸೌಮ್ಯವಾದ ಉತ್ತರ ಕೊಟ್ಟ. ಅದರಲ್ಲಿ ಲೀಜ್‌ನ ಬಿಷಪ್ಪರಿಗೂ ನಿನ್ನ ಬಗ್ಗೆ ಒಲವಿದೆ ಎಂಬರ್ಥದ ಒಂದು ಸಾಲಿತ್ತು. ಕಾಗದ ಬಹಳ ಬೇಗ ಜರ್ಮನಿಯಲ್ಲಿ ಅಚ್ಚಾಗಿ ಹೋಯಿತು. ಬಿಷಪ್ಪರು ಇಕ್ಕಟ್ಟಿಗೆ ಸಿಕ್ಕಿಕೊಂಡರು, ಎರಾಸ್ಮಸನೂ ಸಿಕ್ಕಿಕೊಂಡ. ಅದೇ ವರ್ಷ ತನ್ನ ಕಾಗದಗಳ ಸಂಗ್ರಹ ತರುವಾಗ ಅವನು ಬಿಷಪ್ಪರ ಹೆಸರು ತೆಗೆದುಹಾಕಿದ. ತಿದ್ದುವುದು ಎಂದರೆ ಬರೀ ಸಿಂಗಾರ ಅಲ್ಲ ಎನ್ನುವುದಕ್ಕೆ ಇದನ್ನು ಹೇಳಿದೆ. ಇನ್ನೊಬ್ಬರ ತಲೆ ಉಳಿಸಲಿಕ್ಕೂ ತಿದ್ದಬೇಕಾಗುತ್ತಿತ್ತು.

ಇನ್ನೊಂದು ಸಂಗತಿ, ಚರ್ಚೆಗೆ ನೇರ ಸಂಬಂಧ ಇಲ್ಲ, ಆದರೂ ಬಿಡಲು ಮನಸ್ಸಿಲ್ಲ. 1517ರಲ್ಲಿ ಎರಾಸ್ಮಸ್ ಮತ್ತು ಆಂಟ್ವರ್ಪಿನ ಪೀಟರ್ ಗಿಲಿಸ್ ಇಬ್ಬರೂ ಖರ್ಚು ಹಂಚಿಕೊಂಡು ಕ್ವೆಂಟಿನ್ ಮೆಟ್ಸಿಸ್‌ನಿಂದ ತಮ್ಮ ಜೋಡಿ ಚಿತ್ರ ಬರೆಸಿ ಇಂಗ್ಲೆಂಡಿನ ಗೆಳೆಯ ಥಾಮಸ್ ಮೋರ್‌ಗೆ ಕಳಿಸಿದರು. ಚಿತ್ರದಲ್ಲಿ ಗಿಲಿಸ್ ಕೈಯಲ್ಲಿರುವುದು ಮೋರ್ ಬರೆದ ಕಾಗದ. ಚಿತ್ರಕಾರ ಅಕ್ಷರವನ್ನೂ ಹಾಗೇ ಇಳಿಸಿದ್ದ. ಮೋರ್ ತನ್ನ ಕೈಬರಹ ಕಂಡು ಬೆರಗಾಗಿ, ಆ ಮೂಲ ಕಾಗದ ಇದ್ದರೆ ಕಳಿಸು, ಚಿತ್ರದ ಪಕ್ಕದಲ್ಲಿಟ್ಟು ನೋಡುತ್ತೇನೆ ಎಂದು ಬರೆದ.

ಸಾಗರದವಳು:
ನಾನು ಸಾಗರದ ಕಡೆಯವಳು. ಈ ಪತ್ರ ಸಂಪ್ರದಾಯ ನಮ್ಮೂರಿಗೂ ಬಂದಿತ್ತು ಎಂದರೆ ನಂಬುತ್ತೀರಾ? ಕಾಲ ಸ್ವಲ್ಪ ಈಚಿನದು. ರೋಮಿನ ಪಿಯೆತ್ರೊ ದೆಲ್ಲಾ ವಾಲೆ 1614ರಲ್ಲಿ ವೆನಿಸಿನಿಂದ ಹೊರಟು ತುರ್ಕಿ, ಪರ್ಷಿಯಾ ಸುತ್ತಿ ಗೋವಾಕ್ಕೆ ಬಂದ. ದಾರಿಯುದ್ದಕ್ಕೂ ನೇಪಲ್ಸಿನ ವೈದ್ಯ ಗೆಳೆಯ ಮಾರಿಯೊ ಸ್ಕಿಪಾನೊಗೆ ಕಾಗದ ಬರೆದ. 54 ಕಾಗದಗಳಾಗಿ ಅವು ಮುಂದೆ ಅಚ್ಚಾದವು. 1623ರಲ್ಲಿ ಗೋವಾದ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರ, ಗೇರುಸೊಪ್ಪೆ ದಾಟಿ ಘಟ್ಟ ಹತ್ತಿ ಇಕ್ಕೇರಿಗೆ ಬಂದ. ಆಗ ವೆಂಕಟಪ್ಪ ನಾಯಕರ ಆಳ್ವಿಕೆ.

ಘಟ್ಟದ ದಾರಿಯಲ್ಲಿ ಒಂದು ದೇವಸ್ಥಾನದ ಜಗುಲಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುವುದನ್ನು ಅವನು ನೋಡಿದ. ಮೇಷ್ಟರಿಲ್ಲ. ನೆಲಕ್ಕೆ ನುಣ್ಣನೆ ಮರಳು ಹರಡಿಕೊಂಡು ಬೆರಳಿನಿಂದ ಬರೆಯುತ್ತಾರೆ, ರಾಗವಾಗಿ ಹೇಳುತ್ತಾರೆ. ಜಾಗ ತುಂಬಿದರೆ ಅಳಿಸಿ ಮತ್ತೆ ಮರಳು ಹಾಕುತ್ತಾರೆ. ಮರೆತರೆ, ತಪ್ಪಿದರೆ ಯಾರು ಹೇಳಿಕೊಡುತ್ತಾರೆ ಎಂದು ಕೇಳಿದ. ನಾಲ್ಕೂ ಜನಕ್ಕೆ ಒಟ್ಟಿಗೆ ಮರೆಯುವುದು ಆಗದ ಮಾತು ಎಂಬ ಅರ್ಥದಲ್ಲಿ ಅವರು ಉತ್ತರ ಕೊಟ್ಟರು. ಅವನಿಗೆ ಈ ಕ್ರಮ ತುಂಬಾ ಹಿಡಿಸಿತು. ನಮ್ಮ ಮಕ್ಕಳು ಮಗ್ಗಿ ಹೇಳುತ್ತಿದ್ದ ದನಿ ಹೀಗೆ ನೇಪಲ್ಸಿಗೆ ಬರೆದ ಕಾಗದದಲ್ಲಿ ಉಳಿದಿದೆ. ಹಾಗಾಗಿ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಕಾಗದಗಳಿಗೆ ನಾನಂತೂ ಋಣಿ. ಅವನು ಗೆಳೆಯನಿಗೆ ಮಾತ್ರ ಎಂದುಕೊಂಡಿದ್ದರೆ ಇಷ್ಟು ಬಿಡಿಸಿ ಬರೆಯುತ್ತಿದ್ದನೋ ಇಲ್ಲವೋ.

ಬೆಣ್ಣೆನಗರಿ:
ಅವನಿಗೂ ಮುಂಚೆ ಫ್ಲಾರೆನ್ಸಿನ ಫಿಲಿಪ್ಪೊ ಸಸ್ಸೆತ್ತಿ ಇದ್ದ. ಪಾಂಡಿತ್ಯ ಇದ್ದ ವ್ಯಾಪಾರಿ. 1583ರಲ್ಲಿ ಕೊಚ್ಚಿಗೆ ಬಂದು 1588ರಲ್ಲಿ ಗೋವಾದಲ್ಲಿ ತೀರಿಕೊಂಡ. ಊರಿಗೆ ಬರೆದ ಕಾಗದದಲ್ಲಿ ಸಂಸ್ಕೃತದ ಸಪ್ತ, ಅಷ್ಟ, ನವ, ಸರ್ಪ, ದೇವ ಇವು ಇಟಾಲಿಯನ್ ಮಾತುಗಳನ್ನು ಹೋಲುತ್ತವೆ ಎಂದು ಗುರುತಿಸಿದ್ದ. ವಿಲಿಯಂ ಜೋನ್ಸ್ ಅದೇ ನಂಟಿನ ಬಗ್ಗೆ ಕಲ್ಕತ್ತೆಯಲ್ಲಿ ಭಾಷಣ ಮಾಡಿದ್ದು 1786ರಲ್ಲಿ. ಸುಮಾರು ಇನ್ನೂರು ವರ್ಷ ಮುಂಚೆ ಒಂದು ಕಾಗದದಲ್ಲಿ ಈ ಮಾತು ಬಂದುಹೋಗಿತ್ತು!

ಸೀದಾಮಾತು:
ಎಲ್ಲರ ಬರಹವನ್ನೂ ಎರಡೆರಡು ಸಲ ಓದಿದೆ. ಚೆರೇತಾ ಕಾಗದದ ಬಗ್ಗೆ ಅಕ್ಷರಮಾಲೆ ಅವರ ಮಾತು ಒಪ್ಪುತ್ತೇನೆ. ಆದರೂ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಅಚ್ಚಿಗಾಗಿ ಬರೆಯದ ಒಂದು ಕಾಗದ. 1513ರ ಡಿಸೆಂಬರ್ 10. ಫ್ಲಾರೆನ್ಸಿನ ಅಧಿಕಾರಿಯಾಗಿದ್ದ ಮೆಕಿಯವೆಲ್ಲಿ ರೋಮಿನಲ್ಲಿದ್ದ ಗೆಳೆಯ ವೆತ್ತೋರಿಗೆ ಬರೆದದ್ದು, ಇಟಾಲಿಯನ್‌ನಲ್ಲಿ. ಅಧಿಕಾರ ಹೋಗಿದೆ. ಜೈಲು, ಚಿತ್ರಹಿಂಸೆ ಎಲ್ಲ ಆಗಿದೆ. ಹಳ್ಳಿಯಲ್ಲಿದ್ದಾನೆ. ಹಗಲೆಲ್ಲ ಹೋಟೆಲಿನಲ್ಲಿ ಕಟುಕನ ಜೊತೆ, ಗಿರಣಿಯವನ ಜೊತೆ ಇಸ್ಪೀಟು. ಒಂದು ಕಾಸಿಗೆ ಜಗಳವಾಡಿದರೆ ಪಕ್ಕದ ಊರಿಗೂ ಕೇಳಿಸುತ್ತದಂತೆ. ಸಂಜೆ ಕೆಸರಿನ ಬಟ್ಟೆ ಬಿಚ್ಚಿಟ್ಟು, ಆಸ್ಥಾನದ ಉಡುಪು ಹಾಕಿಕೊಂಡು ಓದುವ ಕೋಣೆಗೆ ಹೋಗುತ್ತಾನೆ. ನಾಲ್ಕು ಗಂಟೆ ಹಿಂದಿನ ಕಾಲದವರ ಜೊತೆ ಮಾತು. ಆಗ ಬಡತನದ ಭಯ ಇಲ್ಲ, ಸಾವಿನ ಭಯ ಇಲ್ಲ. ಇಲ್ಲಿ ಸುಳ್ಳು ತಾರೀಖು ಬೇಕಾಗಲಿಲ್ಲ ನೋಡಿ.

ಹಳೇಹೊತ್ತಿಗೆ:
ಆ ಕಾಗದ ನನಗೂ ಪ್ರಾಣ. ಆದರೆ ಹಿಂದಿನವರ ಜೊತೆ ಕೂತು ಮಾತಾಡುವ ಆ ಅಭ್ಯಾಸ ಮೆಕಿಯವೆಲ್ಲಿಗಿಂತ ಹಳೆಯದು. ವೆರೋನಾದಲ್ಲಿ ಸಿಸೆರೊಗೆ ಬರೆಯುತ್ತಾ ಪೆಟ್ರಾರ್ಕ ಮಾಡಿದ್ದೂ ಅದನ್ನೇ. ಇನ್ನೊಂದು ಮಾತು. ಅದೇ ಕಾಗದದಲ್ಲಿ ಅರಸೊತ್ತಿಗೆಗಳ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದಿದ್ದೇನೆ, ಫ್ಲಾರೆನ್ಸ್ ಆಳುವ ಮೆದಿಚಿ ಮನೆತನದವರು ನನಗೆ ಏನಾದರೂ ಕೆಲಸ ಕೊಡಲಿ ಎಂದೂ ಇದೆಯಲ್ಲ. ವೆತ್ತೋರಿ ರೋಮಿನಲ್ಲಿದ್ದದ್ದು ಮೆದಿಚಿ ಪೋಪನ ಹತ್ತಿರ. ಅಲ್ಲೂ ಕಾಗದಕ್ಕೆ ಒಬ್ಬನೇ ಓದುಗ ಇರಲಿಲ್ಲ.

ಸೀದಾಮಾತು:
ಅದು ಸರಿ. ಹಾಗಾದರೆ ಪೆಟ್ರಾರ್ಕ ಹೆಸರಿಲ್ಲದೆ ಕೂಡಿಸಿಟ್ಟ 19 ಕಾಗದಗಳನ್ನು ಓದೋಣವೇ? ಆಗ ಫ್ರಾನ್ಸಿನ ಅವಿನ್ಯೋನ್‌ನಲ್ಲಿದ್ದ ಪೋಪ್ ಆಸ್ಥಾನದ ಕೊಳಕನ್ನು ಬೈದು ಬರೆದವು. ಪಡೆದವರಿಗೆ ತೊಂದರೆ ಆಗಬಾರದು ಎಂದು ಹೆಸರನ್ನೆಲ್ಲ ತೆಗೆದು ಬೇರೆ ಇಟ್ಟ. ಟಪಾಲುಪೇಟೆಯವರು ಹೇಳಿದ ಎರಾಸ್ಮಸನ ತಿದ್ದುವಿಕೆಗೆ ಇದು ಹತ್ತಿರ. ಪೆಟ್ರಾರ್ಕ ತಿದ್ದಿದ್ದಕ್ಕೆ ನಾನು ಮನಸಾರೆ ಒಪ್ಪುವ ಕಾರಣ ಇಲ್ಲಿ ಮಾತ್ರ ಇದೆ. ವೆಂಟೂ ಜಗಳವನ್ನು ಅದಾದ ಮೇಲೆ ಮುಂದುವರಿಸೋಣ.

ಅಕ್ಷರಮಾಲೆ:
ನಾನೂ ಬರುತ್ತೇನೆ. ಅದು ಮುಗಿದ ಮೇಲೆ ಚೆರೇತಾ, ಅದಕ್ಕೆ ಎಲ್ಲರೂ ಒಪ್ಪಬೇಕು.